ಹದಿನೈದು ನಂಬರಿನ ಬೂಟು

ಕೆಲೆಪಿಗೆ ತನ್ನ ಕಾಲಿನ ಅಳತೆಯ ಬೂಟು ಇರಲಿಲ್ಲ. ಅವನ ಪಾದ ಹದಿನೈದು ನಂಬರಿನದು. ಕಂಪನಿಯ ಉಗ್ರಾಣದಲ್ಲಿ ಹನ್ನೆರಡಕ್ಕಿಂತ ದೊಡ್ಡದು ಇರಲಿಲ್ಲ.

ಸ್ವಂತ ಬೂಟಿನಲ್ಲಿ ಟೊಮೇಟೊ ಗಾಜುಮನೆಯೊಳಕ್ಕೆ ಕಾಲಿಡುವಂತಿಲ್ಲ. ಹೊರಗಿನ ಮಣ್ಣಿನಿಂದ ಗಿಡಗಳಿಗೆ ರೋಗ ತಗಲುತ್ತದೆ. ಬಾಗಿಲಲ್ಲಿ ಕಂಪನಿಯ ಬಿಳಿ ರಬ್ಬರ್ ಬೂಟು ಏರಿಸಿ, ಔಷಧಿ ನೀರಿನ ತೊಟ್ಟಿಯಲ್ಲಿ ನಿಂತು, ಬಿಳಿ ನಿಲುವಂಗಿ ಹಾಕಿ, ತಲೆಗೆ ಬಲೆ, ಬಾಯಿಗೆ ಬಟ್ಟೆ ಕಟ್ಟಿಕೊಂಡ ಮೇಲಷ್ಟೇ ಒಳಗೆ. ಯಾವುದಾದರೂ ಎಲೆಯ ಮೇಲೆ ಹಳದಿ ಚುಕ್ಕೆ ಕಂಡರೆ ಗಂಟೆಯೊಳಗೆ ಗಿಡಗಳ ಡಾಕ್ಟರು ಬರುತ್ತಿದ್ದಳು. ಭೂತಗನ್ನಡಿಯಲ್ಲಿ ನೋಡಿ, ಆ ಎಲೆಯನ್ನು ಸಣ್ಣ ಚೀಲಕ್ಕೆ ಹಾಕಿ ಪರೀಕ್ಷೆಗೆ ಕಳಿಸಿ, ಸಾಲಿಗೆ ಹಗ್ಗ ಕಟ್ಟಿ ಅಲ್ಲಿಗೆ ಯಾರೂ ಹೋಗದಂತೆ ಮಾಡುತ್ತಿದ್ದಳು. ಮನುಷ್ಯರ ಡಾಕ್ಟರು ಇದ್ದದ್ದು ನಲವತ್ತೆರಡು ಕಿಲೋಮೀಟರ್ ಆಚೆ. ಅವನ ಹತ್ತಿರ ಹೋಗಬೇಕಾದರೆ ಮೊದಲು ಕ್ಷೇಮಾಧಿಕಾರಿ ನರೆಲ್‌ಗೆ ಹೇಳಬೇಕು, ಅವಳು ಅರ್ಜಿ ತುಂಬಬೇಕು, ವಿಮೆಯವರು ಒಪ್ಪಬೇಕು.

ಟೋಂಗಾದ ಒಂದೇ ಊರಿನಿಂದ ನಾವು ಹನ್ನೆರಡು ಜನ ಒಂಬತ್ತು ತಿಂಗಳ ಕೆಲಸಕ್ಕೆ ಆಸ್ಟ್ರೇಲಿಯಕ್ಕೆ ಬಂದಿದ್ದೆವು. ಕೆಲೆಪಿ ನನ್ನ ಅಮ್ಮನ ತಮ್ಮ, ನಲವತ್ತನಾಲ್ಕು ವರ್ಷ, ಚರ್ಚಿನ ಗಾಯನದಲ್ಲಿ ಅತ್ಯಂತ ತಗ್ಗಿನ ದನಿ. ನಮ್ಮಲ್ಲಿ ಅಕ್ಕನ ಮಗ ಸೋದರಮಾವನಿಗಿಂತ ಮೇಲು. ಅವನ ತಟ್ಟೆಯಿಂದ ನಾನು ಕೇಳದೆ ಮಾಂಸ ಎತ್ತಿಕೊಳ್ಳಬಹುದು, ಅವನ ಜಾಕೆಟ್ಟು ಹಾಕಿಕೊಂಡು ಹೋಗಬಹುದು, ನಾನು ಹೇಳಿದ್ದಕ್ಕೆ ಅವನು ಇಲ್ಲ ಅನ್ನುವಂತಿಲ್ಲ. ಇಪ್ಪತ್ಮೂರು ವರ್ಷ ನಾನು ಈ ಹಕ್ಕನ್ನು ಮಾಂಸಕ್ಕೂ ಜಾಕೆಟ್ಟಿಗೂ ಚೆನ್ನಾಗಿ ಬಳಸಿದ್ದೆ.

ಮೊದಲ ದಿನವೇ ಕೆಲೆಪಿ ಮೇಲ್ವಿಚಾರಕ ಗ್ಲೆನ್‌ನ ಮುಂದೆ ಬರಿಗಾಲಲ್ಲಿ ನಿಂತ.

"ಹನ್ನೆರಡೇ ದೊಡ್ಡದು ಗುರೂ," ಅಂದ ಗ್ಲೆನ್.

"ಹನ್ನೆರಡು ನನ್ನ ಹೆಂಡ್ತೀ ನಂಬರು ಬಾಸ್."

ಗ್ಲೆನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಲೆಪಿ ತಮಾಷೆ ಮಾಡಿರಲಿಲ್ಲ. ನಮ್ಮತ್ತೆಯದು ನಿಜಕ್ಕೂ ಹನ್ನೆರಡೇ.

"ಆರ್ಡರ್ ಹಾಕ್ತೀನಿ. ಎರಡು ವಾರ. ಅಲ್ಲೀವರ್ಗೂ ಇದ್ರಲ್ಲೇ ಅಡ್ಜಸ್ಟ್ ಮಾಡ್ಕೊ. ರಬ್ಬರ್ ಅಲ್ವಾ, ಹಿಗ್ಗತ್ತೆ."

ರಬ್ಬರು ಹಿಗ್ಗಲಿಲ್ಲ. ಕೆಲೆಪಿ ಬೆರಳು ಮಡಚಿಕೊಂಡು ನಡೆದ. ಎರಡು ವಾರ ಕಳೆಯಿತು, ಎರಡು ತಿಂಗಳು ಕಳೆಯಿತು. ಕೇಳಿದಾಗಲೆಲ್ಲ ಗ್ಲೆನ್, "ದಾರೀಲಿದೆ ಗುರೂ," ಅನ್ನುತ್ತಿದ್ದ. ನಮ್ಮ ಸೆಮಿಗೆ ಬಾಯಿ ಸುಮ್ಮನಿರುವುದಿಲ್ಲ. "ನಡ್ಕೊಂಡು ಬರ್ತಿದೆ ಅನ್ಸತ್ತೆ. ಅದಕ್ಕೂ ಬೂಟು ಬಿಗಿ ಇರ್ಬೇಕು," ಅಂದ.

ಕೆಲೆಪಿಗೆ ಸಕ್ಕರೆ ಕಾಯಿಲೆ ಇತ್ತು. ಊರಲ್ಲಿ ಇದು ಎಲ್ಲರಿಗೂ ಗೊತ್ತು, ಅರ್ಧ ಊರಿಗೆ ಇದೆ. ಆದರೆ ಹೊರಡುವ ಮುಂಚೆ ತುಂಬಿದ ಆರೋಗ್ಯದ ಅರ್ಜಿಯಲ್ಲಿ ಎಲ್ಲ ಪ್ರಶ್ನೆಗೂ "ಇಲ್ಲ" ಎಂದು ಗುರುತು ಹಾಕಿದವರಿಗೇ ವೀಸಾ ಬೇಗ ಬರುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಕೆಲೆಪಿ ಎಲ್ಲಕ್ಕೂ "ಇಲ್ಲ" ಹಾಕಿದ. ರಕ್ತ ಪರೀಕ್ಷೆಗೆ ಮುಂಚೆ ಎರಡು ದಿನ ಬರೀ ನೀರು ಕುಡಿದ. ಮಾತ್ರೆಗಳನ್ನು ವಿಮಾನ ನಿಲ್ದಾಣದಲ್ಲಿ ಯಾರಾದರೂ ನೋಡಿಬಿಟ್ಟರೆ ಎಂದು ಅತ್ತೆಯ ಪೆಟ್ಟಿಗೆಯಲ್ಲೇ ಬಿಟ್ಟು ಬಂದ. ಅರ್ಜಿಯ ಪ್ರಕಾರ ಅವನು ನಮ್ಮೆಲ್ಲರಿಗಿಂತ ಆರೋಗ್ಯವಂತ.

ಊಟದ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಹಲಗೆ ಇತ್ತು. ಆರು ತಂಡಗಳ ಹೆಸರು, ಪ್ರತಿ ಹೆಸರಿನ ಮುಂದೆ ಕಾಯಿಲೆಯಿಂದ ಕಳೆದುಹೋದ ಕೆಲಸದ ದಿನಗಳ ಲೆಕ್ಕ. ವನುವಾಟುವಿನವರದು ನಾಲ್ಕು, ಸಮೋವಾದವರದು ಏಳು, ತಿಮೋರಿನವರದು ಎರಡು. ನಮ್ಮದು ಸೊನ್ನೆ. ನೂರ ಎಂಬತ್ತು ದಿನ ಸೊನ್ನೆಯಲ್ಲೇ ಇದ್ದ ತಂಡಕ್ಕೆ ಆರೋಗ್ಯ ಕಪ್ಪು ಎಂಬ ಬಹುಮಾನ. ಕಪ್ಪಿನ ಜೊತೆ ಮುಂದಿನ ವರ್ಷ ಆ ಊರಿನ ಇನ್ನೂ ಆರು ಜನಕ್ಕೆ ಕೆಲಸ. ಆ ಆರು ಜನ ಯಾರೆಂದು ಊರಲ್ಲಿ ಆಗಲೇ ತೀರ್ಮಾನವಾಗಿತ್ತು. ಅವರಲ್ಲಿ ಒಬ್ಬ ಕೆಲೆಪಿಯ ಹಿರಿಮಗ.

ಹಲಗೆಯ ಕೆಳಗೆ ಒಂದು ಚಿತ್ರವಿತ್ತು: ಬಿಳಿ ಹೆಂಗಸೊಬ್ಬಳು ಸಮುದ್ರದ ಮುಂದೆ ಕಣ್ಣು ಮುಚ್ಚಿ ಕೂತಿದ್ದಾಳೆ. "ನಿಮ್ಮ ದೇಹದ ಮಾತು ಕೇಳಿ" ಎಂದು ಬರೆದಿತ್ತು.

ನೂರ ಮೂವತ್ತೈದನೆಯ ದಿನ ಕೆಲೆಪಿಯ ಬಲಗಾಲಿನ ಹೆಬ್ಬೆರಳಿನ ಗುಳ್ಳೆ ಒಡೆಯಿತು. ನನಗೆ ಗೊತ್ತಾದದ್ದು ಅವನ ಕಾಲುಚೀಲ ನೋಡಿ. ಅವನಿಗೆ ನೋವೇ ಗೊತ್ತಾಗಿರಲಿಲ್ಲ. ಸಕ್ಕರೆ ಕಾಯಿಲೆ ಮೊದಲು ಕಾಲಿನ ನೋವನ್ನು ತಿನ್ನುತ್ತದೆ, ಆಮೇಲೆ ಕಾಲನ್ನು.

ಮರುದಿನ ನಾನು ಚಾಕು ತಗೊಂಡು ಅವನ ಬೂಟಿನ ಮುಂಭಾಗ ಸೀಳಿದೆ. ಬೆರಳಿಗೆ ಸ್ವಲ್ಪ ಜಾಗವಾಯಿತು. ಅರ್ಧ ದಿನ ಸುಖವಾಗಿ ನಡೆದ. ಮಧ್ಯಾಹ್ನ ಗಿಡಗಳ ಡಾಕ್ಟರು ಅದನ್ನು ನೋಡಿ ಚೀರಿದಳು. ಸೀಳಿನಿಂದ ಮಣ್ಣು ಒಳಗೆ ಬರುತ್ತದಂತೆ. ಗ್ಲೆನ್ ಬಂದು ಆ ಬೂಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದ, ನನ್ನಿಂದ ಒಂದು ತಪ್ಪೊಪ್ಪಿಗೆ ಬರೆಸಿಕೊಂಡ, ಕೆಲೆಪಿಗೆ ಇನ್ನೊಂದು ಜೊತೆ ಕೊಟ್ಟ. ಹನ್ನೆರಡು ನಂಬರು.

ಬುಧವಾರ ಕ್ಷೇಮದ ದಿನ. ನರೆಲ್ ಬಾಳೆಹಣ್ಣಿನ ಪೆಟ್ಟಿಗೆ ಹೊತ್ತುಕೊಂಡು ಬರುತ್ತಿದ್ದಳು. ಕೆಟ್ಟವಳಲ್ಲ. ನಮ್ಮ ಹೆಸರುಗಳನ್ನು ಸರಿಯಾಗಿ ಹೇಳಲು ಕಲಿತಿದ್ದ ಒಬ್ಬಳೇ ಆಫೀಸಿನವಳು. ನಮ್ಮನ್ನು ಸಾಲಾಗಿ ಕೂರಿಸಿ ಉಸಿರಾಟ ಹೇಳಿಕೊಡುವಳು. ಆಮೇಲೆ ಕೇಳುವಳು, "ಎಲ್ಲಾ ಚೆನ್ನಾಗಿದೀರಾ ಚಿನ್ನಗಳಾ?"

ಹನ್ನೆರಡು ಜೊತೆ ಹುಬ್ಬು ಮೇಲೆದ್ದವು. ನಮ್ಮಲ್ಲಿ ಹುಬ್ಬೆತ್ತಿದರೆ ಹೌದು ಅಂತ. ಇದನ್ನೂ ಅವಳು ಕಲಿತಿದ್ದಳು. ಹನ್ನೆರಡು ಗುರುತು ಹಾಕಿಕೊಂಡಳು.

"ಕೆಲೆಪಿ, ಯಾಕೆ ಕುಂಟ್ತಿದೀಯ?"

ಕೆಲೆಪಿ ನಮ್ಮ ತಂಡದ ನಾಯಕ ಫಿಫಿತಾನ ಮುಖ ನೋಡಿದ. ಫಿಫಿತಾ ಚರ್ಚಿನಲ್ಲೂ ಹಿರಿಯ, ಮನೆಯಲ್ಲೂ ಹಿರಿಯ. ಅವನು ಹಲಗೆಯ ಕಡೆ ನೋಡಿದ.

"ಭಾನುವಾರ ಫುಟ್‌ಬಾಲ್ ಆಡ್ದೆ," ಅಂದ ಕೆಲೆಪಿ.

ಭಾನುವಾರ ನಾವು ಚೆಂಡು ಮುಟ್ಟುವುದಿರಲಿ, ಬಟ್ಟೆ ಕೂಡ ಒಗೆಯುವುದಿಲ್ಲ. ಪವಿತ್ರ ದಿನದ ಬಗ್ಗೆ ಸುಳ್ಳು ಹೇಳಿದನಲ್ಲ ಎಂದು ಫಿಫಿತಾನ ಮುಖ ಹುಳ್ಳಗಾಯಿತು. ಕಾಲಿನ ಬಗ್ಗೆ ಆಗಲಿಲ್ಲ. ನರೆಲ್ ಎರಡು ನೋವಿನ ಮಾತ್ರೆ ಕೊಟ್ಟು, "ಡಾಕ್ಟರ್ ಬೇಕಂದ್ರೆ ಹೇಳು, ಫಾರಮ್ ತುಂಬೋಣ. ಆದ್ರೆ ಫಾರಮ್ ತುಂಬಿದ್ರೆ ಒಂದು ದಿನ ಬರ್ಕೊಳ್ಬೇಕಾಗತ್ತೆ, ಗೊತ್ತಲ್ಲ?" ಅಂದಳು.

ಗೊತ್ತಿತ್ತು. ಹನ್ನೆರಡು ಜೊತೆ ಹುಬ್ಬು.

ಆ ಭಾನುವಾರ ಚರ್ಚಿನಿಂದ ಬಂದು, ಕೆಸುವಿನ ಎಲೆಯಲ್ಲಿ ಡಬ್ಬಿ ಮಾಂಸವನ್ನೂ ತೆಂಗಿನ ಹಾಲನ್ನೂ ಕಟ್ಟಿ ಬೇಯಿಸಿದ್ದನ್ನು ತಿಂದು, ಎಲ್ಲರೂ ಚಾಪೆಯ ಮೇಲೆ ಕೂತೆವು. ಫಿಫಿತಾ ಗಂಟಲು ಸರಿಮಾಡಿಕೊಂಡ.

"ಕೆಲೆಪಿಗೆ ಹತ್ತು ದಿನ ಕಾಲೂರದೆ ಕೂರೋದಕ್ಕೆ ಬಿಟ್ರೆ ವಾಸಿಯಾಗತ್ತೆ. ರಜಾ ಹಾಕ್ಸಿದ್ರೆ ಊರಿನ ಆರು ಮಕ್ಕಳ ಅನ್ನಕ್ಕೆ ಕಲ್ಲು. ಏನ್ ಮಾಡೋಣ?"

"ಮುಯ್ಯಾಳು ಹೋಗೋಣ," ಅಂದ ಸೆಮಿ.

ಊರಲ್ಲಿ ಒಬ್ಬ ಮಲಗಿದರೆ ಅವನ ಗೆಣಸಿನ ಹೊಲವನ್ನು ಉಳಿದವರು ಅಗೆದು ಕೊಡುತ್ತಾರೆ. ಅವನು ಎದ್ದ ಮೇಲೆ ಅವರದ್ದಕ್ಕೆ ಹೋಗುತ್ತಾನೆ. ಇದರಲ್ಲಿ ಚರ್ಚೆ ಮಾಡುವಂಥದ್ದೇನೂ ಇಲ್ಲ. ಗಾಜುಮನೆಯಲ್ಲಿ ಇದು ಇನ್ನೂ ಸುಲಭ. ಪ್ರತಿಯೊಬ್ಬನ ಸೊಂಟದಲ್ಲೂ ಅವನ ನಂಬರಿನ ಸ್ಟಿಕ್ಕರ್ ಸುರುಳಿ ಇರುತ್ತದೆ. ತುಂಬಿದ ಕ್ರೇಟಿಗೆ ಒಂದು ಅಂಟಿಸಿದರೆ ಕಂಪ್ಯೂಟರು ಓದಿಕೊಳ್ಳುತ್ತದೆ. ಕೆಲೆಪಿಯದು 417. ದಿನಕ್ಕೆ ಒಬ್ಬ ತೊಂಬತ್ತು ಕ್ರೇಟ್ ಕಿತ್ತರೆ ಯಾರೂ ಏನೂ ಕೇಳುವುದಿಲ್ಲ.

"ನಾವು ಹನ್ನೊಂದು ಜನ," ಅಂದ ಫಿಫಿತಾ. "ತಲೆಗೆ ಎಂಟು ಕ್ರೇಟ್ ಅವನ ಹೆಸರಿಗೆ. ಎಂಬತ್ತೆಂಟಾಗತ್ತೆ. ಸಾಕು."

"ಬೇಡ ಕಣ್ರಪ್ಪ," ಅಂದ ಕೆಲೆಪಿ. "ನೀವು ಬೆವರು ಸುರಿಸ್ತಿರ್ತೀರ, ನಾನು ಬಾಣಂತಿ ಥರ ಕೂತಿರ್ಬೇಕಾ?"

"ಬಾಣಂತಿಗಾದ್ರೆ ಮಗೂನಾದ್ರೂ ಇರತ್ತೆ," ಅಂದ ಸೆಮಿ. "ನೀನು ಹೆಬ್ಬೆರಳು ಎತ್ಕೊಂಡು ಲಾಲಿ ಹಾಡು."

ಸೋಮವಾರದಿಂದ ಕೆಲೆಪಿ ಎಂದಿನಂತೆ ಬಸ್ಸು ಹತ್ತಿದ, ಎಂದಿನಂತೆ ಔಷಧಿ ನೀರಿನ ತೊಟ್ಟಿಯಲ್ಲಿ ನಿಂತ, ಬಾಗಿಲಲ್ಲಿ ಹಾಜರಿ ಹಾಕಿದ. ಆಮೇಲೆ ಅರವತ್ತಮೂರನೆಯ ಸಾಲಿನ ಕೊನೆಗೆ ಹೋಗಿ ಮಗುಚಿದ ಕ್ರೇಟಿನ ಮೇಲೆ ಕೂತ. ಬಿಳಿ ಬಟ್ಟೆ, ಬಲೆ, ಬಾಯಿಗೆ ಬಟ್ಟೆ. ನಮ್ಮಲ್ಲಿ ಯಾರು ಯಾರೆಂದು ಗ್ಲೆನ್‌ಗೆ ಎರಡು ಮಾರು ದೂರದಿಂದ ಗೊತ್ತಾಗುತ್ತಿರಲಿಲ್ಲ. ಕೆಲೆಪಿಯ ಸ್ಟಿಕ್ಕರ್ ಸುರುಳಿ ಹನ್ನೊಂದು ತುಂಡಾಗಿ ನಮ್ಮ ಜೇಬುಗಳಲ್ಲಿತ್ತು.

ಲೆಕ್ಕ ತಪ್ಪಿದ್ದು ಇಲ್ಲಿ. ಫಿಫಿತಾ ಎಂಟು ಅಂದಿದ್ದ. ಆದರೆ ಎಂಟು ಅಂದರೆ ಎಂಟೇ ಕೊಡುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಯಾರ ಮನೆಯಲ್ಲಿ ಸಾವಾಗಲಿ, ಮದುವೆಯಾಗಲಿ, ಪಕ್ಕದವನು ಒಂದು ಹಂದಿ ತಂದರೆ ನಾವು ಒಂದೂವರೆ ತರುವವರು. ಸೆಮಿ ಹದಿಮೂರು ಅಂಟಿಸುವುದನ್ನು ನಾನು ಎಲೆಗಳ ಸಂದಿಯಿಂದ ನೋಡಿದೆ. ಅಕ್ಕನ ಮಗನಾಗಿ ನಾನು ಅವನಿಗಿಂತ ಕಡಿಮೆ ಕೊಡುವುದೇ? ಹದಿನಾಲ್ಕು ಕೊಟ್ಟೆ. ನನ್ನನ್ನು ಯಾರು ನೋಡುತ್ತಿದ್ದರೋ ಗೊತ್ತಿಲ್ಲ. ಸಂಜೆ ಪರದೆಯ ಮೇಲೆ 417ರ ಮುಂದೆ 141 ಎಂದು ಬಂತು. ಗಾಜುಮನೆಯಲ್ಲೇ ಅತಿ ಹೆಚ್ಚು.

ಮನೆಗೆ ಬಂದ ಮೇಲೆ ಫಿಫಿತಾ ಕೂಗಾಡಿದ. "ಎಂಟು! ಎಂಟು ಅಂದ್ರೆ ಬೆರಳು ಎಣಿಸೋಕೆ ಬರಲ್ವಾ ನಿಮ್ಗೆ? ನಾಳೆಯಿಂದ ಎಂಟೇ!"

"ನೀನೆಷ್ಟು ಹಾಕ್ದೆ ಅಣ್ಣಾ?" ಕೇಳಿದ ಸೆಮಿ.

ಫಿಫಿತಾ ಎದ್ದು ಟೀಗೆ ನೀರಿಟ್ಟ. "ನಾಯಕ ಅಂದ್ಮೇಲೆ ನನ್ನದು ಬೇರೆ," ಅಂದ.

ಮರುದಿನ ಎಲ್ಲರೂ ಎಂಟೇ ಹಾಕುತ್ತಾರೆ, ಕೆಲೆಪಿಗೆ ಕಡಿಮೆ ಬೀಳುತ್ತದೆ ಎಂದು ಪ್ರತಿಯೊಬ್ಬನಿಗೂ ಪ್ರತ್ಯೇಕವಾಗಿ ಹೊಳೆಯಿತು. 152.

ಹತ್ತು ದಿನ ಆಯಿತು, ಇಪ್ಪತ್ತು ದಿನ ಆಯಿತು. ಹೆಬ್ಬೆರಳು ವಾಸಿಯಾಗಲಿಲ್ಲ. ದಿನಾ ತೊಟ್ಟಿಯ ನೀರು, ದಿನಾ ಹನ್ನೆರಡು ನಂಬರಿನ ಬೂಟು. ಪಕ್ಕದ ಬೆರಳೂ ಊದಿಕೊಂಡಿತು. ಕೆಲೆಪಿ ಸಾಲಿನ ಕೊನೆಯಲ್ಲಿ ಕೂತು ಸಣ್ಣಗೆ ಹಾಡುತ್ತಿದ್ದ. ಆ ತಗ್ಗಿನ ದನಿ ಕೇಳಿಸುತ್ತಿರುವ ತನಕ ಎಲ್ಲ ಸರಿಯಿದೆ ಎಂದು ನಾವು ಕ್ರೇಟು ತುಂಬುತ್ತಿದ್ದೆವು.

ನೂರ ಅರವತ್ತೊಂದನೆಯ ದಿನ ಊಟದ ಕೋಣೆಯಲ್ಲಿ ಗ್ಲೆನ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಎಬ್ಬಿಸಿದ. ತಿಂಗಳ ಶ್ರೇಷ್ಠ ಕೆಲಸಗಾರ: ಕೆಲೆಪಿ. ಕಂಪನಿಯ ಇತಿಹಾಸದಲ್ಲೇ ಇಷ್ಟು ಕ್ರೇಟ್ ಯಾರೂ ಕಿತ್ತಿಲ್ಲ. ಒಂದು ಪ್ರಮಾಣಪತ್ರ, ಟೊಮೇಟೊ ಚಿತ್ರವಿರುವ ಒಂದು ಲೋಟ.

"ನಿನ್ನ ಗುಟ್ಟೇನು ಗುರೂ? ಬೇರೆಯವ್ರಿಗೂ ಹೇಳ್ಕೊಡು!"

ಕೆಲೆಪಿ ನಿಂತುಕೊಳ್ಳಲು ಮೇಜು ಹಿಡಿದಿದ್ದ. "ನಮ್ಮೂರಿನವ್ರು," ಅಂದ. ಅದಕ್ಕಿಂತ ನಿಜವಾದ ಮಾತು ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಮೋವಾದವರು ನಮ್ಮನ್ನು ಕೊಲ್ಲುವಂತೆ ನೋಡಿದರು. ಗ್ಲೆನ್ ಫೋಟೊ ತೆಗೆದು ಹಲಗೆಯ ಪಕ್ಕ ಅಂಟಿಸಿದ. ಕಾಲು ಬರದ ಹಾಗೆ ಸೊಂಟದವರೆಗೆ ಮಾತ್ರ ತೆಗೆದಿದ್ದ.

ಮುಂದಿನ ಬುಧವಾರ ಬೆಳಿಗ್ಗೆ ನಾನು ಅವನ ಕಾಲುಚೀಲ ಎಳೆದಾಗ ವಾಸನೆ ಬಂತು. ಹೆಬ್ಬೆರಳು ಕಪ್ಪಾಗಿತ್ತು. ನಾನು ಯಾರನ್ನೂ ಕೇಳದೆ ನರೆಲ್ ಹತ್ತಿರ ಹೋದೆ. ಅವಳು ಬಂದು ನೋಡಿ ಬಿಳಚಿಕೊಂಡಳು. ಅಲ್ಲೇ ವಿಮೆಯವರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. ಆ ಕಡೆ ಒಂದು ಹೆಣ್ಣು ದನಿ, ಬಹಳ ಮರ್ಯಾದೆಯದು.

"ಗಾಯ ಯಾವಾಗ ಆಯ್ತು?"

"ಐದು ವಾರದ ಕೆಳಗೆ," ಅಂದೆ ನಾನು.

ಕೀಲಿ ಒತ್ತುವ ಸದ್ದು ಕೇಳಿತು. "ಕ್ಷಮಿಸಿ, ಕಂಪನಿ ದಾಖಲೆ ಬೇರೆ ಹೇಳತ್ತಲ್ಲ. ಈ ಐದು ವಾರದಲ್ಲಿ ಇವ್ರು ದಿನಕ್ಕೆ ಸರಾಸರಿ ನೂರ ನಲವತ್ತಾರು ಕ್ರೇಟ್ ಕಿತ್ತಿದಾರೆ. ಕಾಲು ಹಾಗಿದ್ದೋರು ಇಷ್ಟು ನಡೆಯೋದಕ್ಕೆ ಆಗಲ್ಲ."

"ಕಾಲು ಇಲ್ಲೇ ಇದೆ, ನಾನೇ ನೋಡ್ತಿದೀನಿ," ಅಂದಳು ನರೆಲ್.

"ನೀವು ನೋಡಿದ್ದು ದಾಖಲೆಗೆ ಹೊಂದ್ತಿಲ್ಲ ಮೇಡಂ. ಒಂದೋ ಗಾಯ ಕೆಲಸದ ಹೊರಗೆ ನಿನ್ನೆ ಮೊನ್ನೆ ಆಗಿರ್ಬೇಕು, ಇಲ್ಲಾ ದಾಖಲೆ ತಪ್ಪಿರ್ಬೇಕು. ಪರಿಶೀಲನೆಗೆ ಕಳಿಸ್ತೀನಿ. ಮೂರು ಕೆಲಸದ ದಿನ, ಸೋಮವಾರ ಮುಗಿಯತ್ತೆ. ಅವ್ರ ಆರೋಗ್ಯದ ಅರ್ಜೀಲಿ ಎಲ್ಲಾ 'ಇಲ್ಲ' ಅಂತಿದೆ, ತುಂಬ ಒಳ್ಳೇದು. ಅವ್ರಿಗೆ ಶುಭ ದಿನ ಅಂತ ಹೇಳಿ."

ನರೆಲ್ ಫೋನ್ ನೋಡುತ್ತಾ ಕೂತಳು. "ಅನುಮತಿ ಇಲ್ದೆ ನಾನು ಕರ್ಕೊಂಡು ಹೋಗೋ ಹಾಗಿಲ್ಲ ಚಿನ್ನಾ. ನೀವಾಗೇ ಹೋದ್ರೂ ಕೆಲ್ಸ ಬಿಟ್ಟು ಓಡಿಹೋದೋರ ಪಟ್ಟಿಗೆ ಸೇರ್ತೀರಿ, ವೀಸಾ ಹೋಗತ್ತೆ," ಅಂದಳು. ನೋವಿನ ಮಾತ್ರೆ ನಾಲ್ಕು ಕೊಟ್ಟಳು. ಮೊದಲು ಎರಡೇ ಕೊಡುತ್ತಿದ್ದಳು.

ಆ ಸಂಜೆ ನಾನು ಹೇಳಿದೆ, ಸ್ಟಿಕ್ಕರಿನ ವಿಷಯ ಒಪ್ಪಿಕೊಳ್ಳೋಣ ಎಂದು. ದಾಖಲೆ ಸುಳ್ಳು ಅಂತ ನಾವೇ ಹೇಳಿದರೆ ಕಾಲು ನಿಜ ಅಂತಾಗುತ್ತದೆ.

"ಹನ್ನೆರಡು ಜನಾನೂ ವಿಮಾನ ಹತ್ತಿಸ್ತಾರೆ," ಅಂದ ಒಬ್ಬ.

"ನನ್ನ ಮಗನ ಕೆಲ್ಸ ಹೋಗತ್ತೆ," ಅಂದ ಕೆಲೆಪಿ. "ಒಂದು ಬೆರಳಿಗೋಸ್ಕರ ಊರ ಮರ್ಯಾದೆ ತೆಗೀಬೇಡ ಅಳಿಯಾ."

ಫಿಫಿತಾ ಬಹಳ ಹೊತ್ತು ಪ್ರಾರ್ಥನೆ ಮಾಡಿದ. ಕಣ್ಣು ತೆರೆದು, "ನಾಳೆ ಹೋಗೋಣ. ಎಲ್ಲರೂ ಒಟ್ಟಿಗೆ. ಬಿಳೀ ಅಂಗಿ ಹಾಕ್ಕೊಳ್ಳಿ," ಅಂದ. ಆ ಒಂದು ಮಾತಿಗೆ ನಾನು ಅವನನ್ನು ಈಗಲೂ ಗೌರವಿಸುತ್ತೇನೆ, ಆಮೇಲೆ ಏನು ಮಾಡಿದರೂ.

ಗುರುವಾರ ಹನ್ನೊಂದು ಜನ ಚರ್ಚಿನ ಅಂಗಿ ಹಾಕಿ, ಸೊಂಟಕ್ಕೆ ಚಾಪೆ ಸುತ್ತಿಕೊಂಡು ಗ್ಲೆನ್‌ನ ಆಫೀಸಿನಲ್ಲಿ ತಲೆ ತಗ್ಗಿಸಿ ನಿಂತೆವು. ದೊಡ್ಡವರ ಮುಂದೆ ತಪ್ಪೊಪ್ಪಿಕೊಳ್ಳುವಾಗ ನಾವು ಹಾಗೇ ಹೋಗುವುದು. ಗ್ಲೆನ್‌ನ ಮುಖ ಅರಳಿತು. "ಅಯ್ಯೋ, ಹಾಡ್ತೀರಾ? ತಾಳಿ ತಾಳಿ, ಫೋನ್ ತಗೋತೀನಿ."

ಫಿಫಿತಾ ಹಾಡಲಿಲ್ಲ. ಎಂಟು ಕ್ರೇಟಿನಿಂದ ಶುರುಮಾಡಿ ಎಲ್ಲ ಹೇಳಿದ. ತಾನು ದಿನಕ್ಕೆ ಹದಿನೇಳು ಹಾಕಿದೆನೆಂಬುದನ್ನೂ ಹೇಳಿದ. ಗ್ಲೆನ್ ಫೋನ್ ಕೆಳಗಿಟ್ಟು ಎದ್ದು ಬಾಗಿಲು ಮುಚ್ಚಿದ.

"ನೋಡಿ," ಅಂದ. "ಇದನ್ನ ನಾನು ಕೇಳಿಸ್ಕೊಂಡ್ರೆ ನಿಮ್ಮೆಲ್ಲರನ್ನೂ ಮನೆಗೆ ಕಳಿಸ್ಬೇಕು. ಕ್ರೇಟ್ ಲೆಕ್ಕ ಪೂರ್ತಿ ತಪ್ಪು ಅಂತಾಗತ್ತೆ. ಕಪ್ಪು ಕೊಡೋ ದಿನ ದೊಡ್ಡಾಫೀಸಿಂದ ಬರ್ತಿದಾರೆ, ನಮ್ಮ ಕೆಲಸಗಾರರ ಆರೋಗ್ಯ ಹೇಗಿದೆ ನೋಡೋದಕ್ಕೆ. ಆ ಹಲಗೆ ಮುಂದೆ ನಿಲ್ಸಿ ಫೋಟೊ ತೆಗೀಬೇಕು ಅಂತಿದೀನಿ. ಈಗ ಹೋಗಿ ನಾನು ಅವ್ರಿಗೆ ಏನ್ ಹೇಳ್ಲಿ?"

"ಕಾಲು ಕಪ್ಪಾಗಿದೆ ಅಂತ," ಅಂದೆ ನಾನು.

"ಪರಿಶೀಲನೆ ನಡೀತಿದೆಯಲ್ಲ ಗುರೂ? ನಡೀಲಿ. ನಾನು ಏನೂ ಕೇಳಿಸ್ಕೊಂಡಿಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು." ಆಮೇಲೆ ಏನೋ ನೆನಪಾದವನಂತೆ, "ಚಾಪೆ ಚೆನ್ನಾಗಿದೆ," ಅಂದ.

ಹೊರಗೆ ಬಂದ ಮೇಲೆ ಸೆಮಿ ಹೇಳಿದ, "ಮೊದಲ್ನೇ ಸಲ ನಿಜ ಹೇಳೋಕೆ ಹೋದ್ವಿ. ಅದಕ್ಕೂ ಅಪ್ಪಣೆ ಬೇಕಂತೆ." ಹನ್ನೊಂದು ಜನ ಬಟ್ಟೆ ಬದಲಾಯಿಸಿಕೊಂಡು ಕೆಲಸಕ್ಕೆ ಹೋದೆವು. ಹಾಡು ಕೇಳಿಸಲಿಲ್ಲ. ಕೆಲೆಪಿ ಸಾಲಿನ ಕೊನೆಯಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದ, ಮೈ ಸುಡುತ್ತಿತ್ತು. ನಾನು ಅವನ ಹೆಸರಿಗೆ ಇಪ್ಪತ್ತು ಸ್ಟಿಕ್ಕರ್ ಅಂಟಿಸಿದೆ. ಅದು ಬಿಟ್ಟು ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ಶುಕ್ರವಾರವೂ ಅಷ್ಟೇ. ಅವೆರಡು ದಿನ ಪಟ್ಟಣದ ಆಸ್ಪತ್ರೆ ಎಲ್ಲಿತ್ತೋ ಅಲ್ಲೇ ಇತ್ತು.

ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಗಾಯನದ ಅಭ್ಯಾಸಕ್ಕೆಂದು ಪಾದ್ರಿಯ ವ್ಯಾನು ಮನೆ ಮುಂದೆ ಬಂದು ನಿಂತಿತು. ಕೆಲೆಪಿ ಹಾಸಿಗೆಯಿಂದ ಏಳಲಿಲ್ಲ. ಚಾದರ ಸರಿಸಿ ನೋಡಿದೆ. ಕಪ್ಪು ಮೂರನೆಯ ಬೆರಳಿಗೆ ಬಂದಿತ್ತು.

"ಎದ್ದೇಳು ಮಾವ. ಆಸ್ಪತ್ರೆಗೆ ಹೋಗೋಣ."

"ಸೋಮವಾರ ಪರಿಶೀಲನೆ..."

"ನಾನು ಕೇಳ್ತಿಲ್ಲ. ನಿನ್ನ ಅಕ್ಕನ ಮಗ ಹೇಳ್ತಿದೀನಿ. ಏಳು."

ಅವನು ನನ್ನನ್ನು ನೋಡಿದ. ಇಪ್ಪತ್ಮೂರು ವರ್ಷ ತಟ್ಟೆಗೆ ಕೈ ಹಾಕಿದ ಹುಡುಗ ಇವನೇ ಹೌದೋ ಎಂಬಂತೆ. ಆಮೇಲೆ ಎದ್ದ. ಇಲ್ಲ ಅನ್ನುವಂತಿರಲಿಲ್ಲ, ಅನ್ನಲೂ ಇಲ್ಲ. ಈ ಮಾತನ್ನು ನಾನು ಐದು ವಾರ ಮುಂಚೆಯೂ ಹೇಳಬಹುದಿತ್ತು. ಆಗಲೂ ಅವನು ಏಳಲೇಬೇಕಿತ್ತು.

ಪಾದ್ರಿಯ ವ್ಯಾನಿನಲ್ಲೇ ಆಸ್ಪತ್ರೆಗೆ ಹೋದೆವು. ಅಲ್ಲಿ ತುರ್ತು ವಿಭಾಗದಲ್ಲಿ ಯಾರೂ ಅನುಮತಿ ಕೇಳಲಿಲ್ಲ, ದಾಖಲೆಯನ್ನೂ ಕೇಳಲಿಲ್ಲ. ನನ್ನ ವಯಸ್ಸಿನ ಡಾಕ್ಟರೊಬ್ಬಳು ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಯಂತ್ರ ಕೆಟ್ಟಿದೆಯೆಂದುಕೊಂಡು ಇನ್ನೊಂದು ತರಿಸಿ ನೋಡಿದಳು. ಆಮೇಲೆ ಕಾಲು ನೋಡಿದಳು.

"ಎಷ್ಟು ದಿನದಿಂದ ಹೀಗಿದೆ?"

"ಐದು ವಾರ."

"ಐದು ವಾರದಿಂದ ಏನ್ಮಾಡ್ತಿದ್ರಿ?"

"ತಿಂಗಳ ಶ್ರೇಷ್ಠ ಕೆಲಸಗಾರ ಆದೆ," ಅಂದ ಕೆಲೆಪಿ. ಅವನಿಗೆ ಜ್ವರ ನೂರ ಮೂರಿತ್ತು.

ಅವಳು ನನ್ನನ್ನು ಹೊರಗೆ ಕರೆದು ನಡೆದದ್ದನ್ನೆಲ್ಲ ಕೇಳಿಕೊಂಡಳು. "ಬುಧವಾರ ಬಂದಿದ್ರೆ ಒಂದು ಬೆರಳಲ್ಲಿ ಮುಗೀತಿತ್ತು. ಈಗ ಮೂರು. ಸೋಮವಾರದವರ್ಗೂ ಕಾದಿದ್ರೆ ಪಾದ," ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಕತ್ತರಿಸಿದರು. ಪವಿತ್ರ ದಿನ ಕೆಲಸ ಮಾಡಬಾರದೆಂದು ಫಿಫಿತಾ ಈ ಬಾರಿ ಏನೂ ಹೇಳಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ನಿಂತು ಹನ್ನೊಂದು ಜನ ಹಾಡಿದೆವು. ತಗ್ಗಿನ ದನಿ ಇಲ್ಲದೆ ಹಾಡು ಗಾಳಿಗೆ ಹಾರಿಹೋದ ಹಾಗಿತ್ತು.

ಸೋಮವಾರ ಗ್ಲೆನ್ ಒಂದು ಕಾಗದ ತಂದ. ಕೆಲೆಪಿ ಮತ್ತು ಕಂಪನಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುತ್ತಿದ್ದಾರೆ ಎಂದು ಅದರಲ್ಲಿತ್ತು. ತಾರೀಖು ಶುಕ್ರವಾರದ್ದು. ಶುಕ್ರವಾರ ಕೆಲಸ ಮುಗಿಸಿದವನು ಶನಿವಾರ ಆಸ್ಪತ್ರೆ ಸೇರಿದರೆ ಅವನು ನಮ್ಮ ತಂಡದವನಲ್ಲ, ಆದ್ದರಿಂದ ಹಲಗೆಗೆ ಏನೂ ಆಗುವುದಿಲ್ಲ. ಓಡಿಹೋದವರ ಪಟ್ಟಿಗೂ ಹಾಕುವುದಿಲ್ಲ, ಅದು ತನ್ನ ದೊಡ್ಡ ಮನಸ್ಸು ಎಂದ ಗ್ಲೆನ್. ಹಾಸಿಗೆಯಲ್ಲೇ ಕೆಲೆಪಿ ಸಹಿ ಹಾಕಿದ. ಸಾಕ್ಷಿಗೆ ಫಿಫಿತಾ ಹಾಕಿದ. ನನ್ನ ಕಡೆ ನೋಡದೆ ಹಾಕಿದ.

"ಆರು ಹುಡುಗ್ರು, ಲಿಸಿಯಾತೆ," ಅಂದ ನನ್ನ ಹೆಸರು ಹಿಡಿದು, ಬಾಗಿಲ ಹೊರಗೆ. "ಬೆರಳು ಹೇಗೂ ಹೋಯ್ತು."

ಅದೇ ವಾರ ವಿಮೆಯವರ ಪತ್ರ ಬಂತು. ಪರಿಶೀಲನೆ ಮುಗಿದಿದೆ, ಕೆಲೆಪಿ ಈಗ ಉದ್ಯೋಗಿಯಲ್ಲವಾದ್ದರಿಂದ ಪ್ರಶ್ನೆಯೇ ಉದ್ಭವಿಸುವುದಿಲ್ಲ. ನರೆಲ್ ಅದನ್ನು ನನಗೆ ಓದಿ ಹೇಳಿ, ಕಾರಿನಲ್ಲಿ ಕೂತು ಅತ್ತಳು. ಮುಂದಿನ ಬುಧವಾರ ಬಾಳೆಹಣ್ಣು ತಂದಳು.

ಕೆಲೆಪಿ ಹೊರಡುವ ಹಿಂದಿನ ದಿನ ಉಗ್ರಾಣಕ್ಕೆ ಒಂದು ಪೆಟ್ಟಿಗೆ ಬಂತು. ಹದಿನೈದು ನಂಬರು, ಬಿಳಿ, ಹೊಚ್ಚ ಹೊಸದು. ಗ್ಲೆನ್ ಅದನ್ನು ತಾನೇ ಹೊತ್ತುಕೊಂಡು ಮನೆಗೆ ಬಂದ. "ನೋಡ್ದ್ಯಾ? ದಾರೀಲಿದೆ ಅಂದಿದ್ನಲ್ಲ. ಇಟ್ಕೊ ಗುರೂ, ಕಂಪನಿ ಕಡೆಯಿಂದ."

ಕೆಲೆಪಿ ಎಡಗಾಲಿಗೆ ಹಾಕಿಕೊಂಡ. ಸರಿಯಾಗಿ ಕೂತಿತು. ಬೆರಳುಗಳನ್ನು ಅಗಲಿಸಿ ಆಡಿಸಿದ. "ಹಿಂಗಿರತ್ತಾ ಬೂಟು ಅಂದ್ರೆ," ಅಂದ. ಬಲಗಾಲಿನದಕ್ಕೆ ನಾನು ಹಳೇ ಕಾಲುಚೀಲ ತುರುಕಿಕೊಟ್ಟೆ. ವಿಮಾನ ನಿಲ್ದಾಣದಲ್ಲಿ ಊರುಗೋಲು ಹಿಡಿದು, ಬಿಳಿ ರಬ್ಬರ್ ಬೂಟು ಹಾಕಿಕೊಂಡು, ಕೈಯಲ್ಲಿ ಟೊಮೇಟೊ ಲೋಟ ಹಿಡಿದು ಹೋದ.

"ನನ್ನ ಜಾಕೆಟ್ಟು ನಿನ್ನತ್ರಾನೇ ಇರ್ಲಿ ಅಳಿಯಾ. ಚಳಿ ಇದೆ."

ನೂರ ಎಂಬತ್ತನೆಯ ದಿನ ಕಪ್ಪು ಕೊಟ್ಟರು. ದೊಡ್ಡಾಫೀಸಿನವರು ಬಂದಿದ್ದರು, ಹಲಗೆಯ ಮುಂದೆ ಹನ್ನೊಂದು ಜನವನ್ನು ನಿಲ್ಲಿಸಿ ಫೋಟೊ ತೆಗೆದರು. ಫಿಫಿತಾ ಕಪ್ಪು ಹಿಡಿದಿದ್ದ. ಎಲ್ಲ ಚೆನ್ನಾಗಿದೆಯೇ ಎಂದು ಒಬ್ಬಳು ಕೇಳಿದಳು. ಹತ್ತು ಜೊತೆ ಹುಬ್ಬು ಎದ್ದವು. ನಾನು ನನ್ನದನ್ನು ಎತ್ತಲಿಲ್ಲ. ಯಾರೂ ಗಮನಿಸಲಿಲ್ಲ.

ಹಲಗೆಯ ಪ್ರಕಾರ ನಮ್ಮ ತಂಡ ಕಾಯಿಲೆಯಿಂದ ಕಳೆದುಕೊಂಡ ಕೆಲಸದ ದಿನ ಸೊನ್ನೆ. ಕೆಲೆಪಿ ಕಳೆದುಕೊಂಡದ್ದು ಬಲಗಾಲಿನ ಹೆಬ್ಬೆರಳು, ಅದರ ಪಕ್ಕದ್ದು, ಅದರ ಪಕ್ಕದ್ದು. ಮೂರು.